ಕರ್ನಲ್ ಹೊಸದು, ವೈಫೈ ಮಾಯ

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಲಿನಕ್ಸ್ ಕರ್ನಲ್ಲನ್ನು (ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು) ಮೂಲ ಕೋಡ್‌ನಿಂದ ನಾನೇ ಕಂಪೈಲ್ ಮಾಡಿ ಹಾಕಿದ್ದೇನೆ. ಕರ್ನಲ್‌ನ ಆಯ್ಕೆಪಟ್ಟಿಯಲ್ಲಿ ಇಂಟೆಲ್ ವೈಫೈ ಡ್ರೈವರ್‌ಗೆ (ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ) ‘ವೈ’ ಎಂದೇ ಗುರುತು ಹಾಕಿದ್ದರೂ ವೈಫೈ ಕಾಣುತ್ತಿಲ್ಲ. ಹಳೆಯ ಕರ್ನಲ್‌ನಲ್ಲಿ ಸರಿಯಾಗಿದೆ. ಕಾರ್ಡ್ ಬದಲಿಸಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಬೇಡ. ಹಳೆಯ ಕರ್ನಲ್‌ನಲ್ಲಿ ನಡೆಯುತ್ತಿದೆ ಎಂದಮೇಲೆ ಕಾರ್ಡ್ ಗಟ್ಟಿಯಾಗಿಯೇ ಇದೆ. ನನ್ನ ಅನುಮಾನವೆಲ್ಲ ಆ ‘ವೈ’ ಮೇಲೆಯೇ. ‘ವೈ’ ಎಂದರೆ ಡ್ರೈವರ್ ಕರ್ನಲ್‌ನೊಳಗೇ ಬೆಸೆದುಕೊಂಡು ಬೂಟ್ ಆಗುವಾಗಲೇ ಎದ್ದುಬಿಡುತ್ತದೆ. ಎದ್ದೊಡನೆ ತನ್ನ ಫರ್ಮ್‌ವೇರ್ ಕಡತವನ್ನು, ಅಂದರೆ ಕಾರ್ಡ್‌ನೊಳಗೆ ಓಡಬೇಕಾದ ತಂತ್ರಾಂಶವನ್ನು, ಕೇಳುತ್ತದೆ. ಆ ಕಡತ ಇರುವುದು ಡಿಸ್ಕ್‌ನ ‘ಲಿಬ್’ ಕೋಶದ ‘ಫರ್ಮ್‌ವೇರ್’ ಒಳಕೋಶದಲ್ಲಿ. ಡಿಸ್ಕ್ ಇನ್ನೂ ಮೌಂಟ್ ಆಗಿರದಿದ್ದರೆ, ಅಂದರೆ ಓದಲು ತೆರೆದುಕೊಂಡಿರದಿದ್ದರೆ, ಅದು ಸಿಗುವುದಾದರೂ ಹೇಗೆ? ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ (dmesg) ಆದೇಶವನ್ನು ಟರ್ಮಿನಲ್‌ನಲ್ಲಿ ಕೊಟ್ಟು ನೋಡಿ: ಫರ್ಮ್‌ವೇರ್ ಲೋಡ್ ವಿಫಲ, ಎರರ್ -2 ಎಂಬ ಸಾಲು ಇದ್ದರೆ ಕಡತ ಸಿಗಲಿಲ್ಲವೆಂದೇ ಅರ್ಥ. ನೂರು ಸಲಹೆಗಳಿಗಿಂತ ಆ ಒಂದು ಸಾಲನ್ನು ನಂಬಿ.

ಡ್ರೈವರನ್ನು ‘ಎಂ’ಗೆ, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ಪ್ರತ್ಯೇಕ ತುಣುಕಾದ ಮಾಡ್ಯೂಲ್‌ಗೆ ಬದಲಿಸಿ, ಮತ್ತೆ ಕಂಪೈಲ್ ಮಾಡಿ, ಮಾಡ್ಯೂಲ್‌ಗಳನ್ನೂ ಮರೆಯದೆ ಇನ್‌ಸ್ಟಾಲ್ ಮಾಡಿ. ಆಗ ಡಿಸ್ಕ್ ಸಿದ್ಧವಾದ ಮೇಲೆ ಡ್ರೈವರ್ ಏಳುತ್ತದೆ. ‘ವೈ’ ಇರಲೇಬೇಕೆಂದರೆ ಫರ್ಮ್‌ವೇರನ್ನು ಇನಿಟ್‌ರಾಮ್‌ಎಫ್‌ಎಸ್‌ಗೆ (initramfs, ಡಿಸ್ಕ್ ಸಿದ್ಧವಾಗುವ ಮೊದಲೇ ಮೆಮೊರಿಯಲ್ಲಿ ತೆರೆದುಕೊಳ್ಳುವ ಪುಟ್ಟ ಕಡತವ್ಯವಸ್ಥೆಗೆ) ಸೇರಿಸಬೇಕು.

ಇನ್ನೊಂದು ಮಾತು: ಕರ್ನಲ್‌ನ ಆಯ್ಕೆಗಳನ್ನು ತಾನಾಗಿಯೇ ಕಿರಿದುಮಾಡುವ ‘ಲೋಕಲ್‌ಮಾಡ್‌ಕಾನ್ಫಿಗ್’ (localmodconfig) ಬಳಸುವವರು ಮೊದಲು ಪ್ರಿಂಟರ್, ವೆಬ್‌ಕ್ಯಾಮ್ ಎಲ್ಲವನ್ನೂ ಜೋಡಿಸಿಕೊಳ್ಳಿ. ಆ ಹೊತ್ತಿಗೆ ಲೋಡ್ ಆಗಿರದ ಮಾಡ್ಯೂಲ್‌ಗಳನ್ನು ಅದು ಕೈಬಿಡುತ್ತದೆ. ವೈಫೈ ಬರುವವರೆಗೂ ಬೂಟ್ ಆಗುವಾಗ ಕರ್ನಲ್ ಆಯ್ದುಕೊಳ್ಳುವ ಗ್ರಬ್ ಪಟ್ಟಿಯಿಂದ ಹಳೆಯ ಕರ್ನಲ್ಲನ್ನು ದಯವಿಟ್ಟು ತೆಗೆಯಬೇಡಿ.