ಕೊಡಗಿನ ಮಳೆಗಾಲದ ತುರಿಕೆ: ಮುಲಾಮು ಕೊಳ್ಳುವ ಮೊದಲು ಕಾರಣ ಹುಡುಕಿ

ಮುಂಗಾರು ಬಲವಾದ ಮೇಲೆ ಕೊಡಗಿನ ಓದುಗರಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ತುರಿಕೆಯನ್ನು ಕುರಿತವು. ಬಹುಪಾಲು ಪತ್ರಗಳ ಕೊನೆಯ ಸಾಲು ಒಂದೇ: ಯಾವ ಮುಲಾಮು ಹಚ್ಚಲಿ? ಆದರೆ ಶಿಲೀಂಧ್ರದಿಂದ ಬಂದ ತುರಿಕೆ, ಕಜ್ಜಿಯ ಹುಳುವಿನಿಂದ ಬಂದ ತುರಿಕೆ, ಚರ್ಮ ಒಣಗಿ ಬಂದ ತುರಿಕೆ ಇವು ಬೇರೆ ಬೇರೆ. ಒಂದಕ್ಕೆ ಹಚ್ಚುವ ಮದ್ದು ಇನ್ನೊಂದನ್ನು ಹದಗೆಡಿಸಬಲ್ಲದು. ಅದಕ್ಕಾಗಿ ಬೇರೆ ಬೇರೆ ಬಗೆಯ ಪತ್ರಗಳನ್ನು ಆರಿಸಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ನಾಪೋಕ್ಲುವಿನಿಂದ ಒಬ್ಬ ಬೆಳೆಗಾರರು: ಡಾಕ್ಟರೇ, ಜೂನ್ ತಿಂಗಳಿನಿಂದ ತೊಡೆಸಂದಿನಲ್ಲಿ ಮತ್ತು ಸೊಂಟದ ಸುತ್ತ ಉಂಗುರದಂತೆ ಕೆಂಪು ಕಲೆಗಳಾಗಿ ವಿಪರೀತ ತುರಿಸುತ್ತಿವೆ. ಔಷಧಿ ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನದಲ್ಲಿ ಕಡಿಮೆಯಾಗುತ್ತದೆ, ಬಿಟ್ಟ ಕೂಡಲೇ ಇಮ್ಮಡಿಯಾಗಿ ಬರುತ್ತದೆ. ಈಗ ನನ್ನ ಹೆಂಡತಿಗೂ ಶುರುವಾಗಿದೆ.

ಇದು ಹುಳುಕಡ್ಡಿ. ಹೆಸರಿನಲ್ಲಿ ಹುಳು ಇದ್ದರೂ ಕಾರಣ ಹುಳುವಲ್ಲ, ಚರ್ಮದ ಮೇಲ್ಪದರವನ್ನು ತಿಂದು ಬದುಕುವ ಶಿಲೀಂಧ್ರ. ಅದಕ್ಕೆ ಬೇಕಾದದ್ದು ತೇವ, ಬಿಸಿ ಮತ್ತು ಗಾಳಿಯಾಡದ ಜಾಗ. ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟು ತೋಟದ ಏರು ಹತ್ತಿದರೆ ಹೊರಗಿನ ಮಳೆ ಒಳಗೆ ಬಾರದಿದ್ದರೂ ಬೆವರಿನಿಂದಲೇ ಮೈ ತೊಯ್ದಿರುತ್ತದೆ. ಅದರ ಮೇಲೆ ಬಿಗಿಯಾದ ಜೀನ್ಸ್ ಮತ್ತು ಪೂರ್ತಿ ಒಣಗದ ಒಳಉಡುಪು ಸೇರಿದರೆ ಶಿಲೀಂಧ್ರಕ್ಕೆ ಇನ್ನೇನೂ ಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಆ ಟ್ಯೂಬ್. ಎರಡು ದಿನದಲ್ಲಿ ತುರಿಕೆ ಅಡಗಿ, ಬಿಟ್ಟೊಡನೆ ಉಕ್ಕಿ ಬರುತ್ತದೆ ಎಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಬಹಳ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ಎಂದು ಇವತ್ತೇ ನೋಡಿ. ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರ ವಿರುದ್ಧ ಚರ್ಮ ಎಬ್ಬಿಸುವ ಪ್ರತಿಭಟನೆಯನ್ನು ಮಾತ್ರ ಅಡಗಿಸುತ್ತದೆ. ಕಳ್ಳ ಒಳಗಿರುವಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಮನೆ ಶಾಂತವಾಗುತ್ತದೆ, ಕಳವು ನಡೆಯುತ್ತಲೇ ಇರುತ್ತದೆ. ವಾರಗಟ್ಟಲೆ ಹಚ್ಚಿದರೆ ಉಂಗುರದ ಆಕಾರ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿನ ತೆಳು ಚರ್ಮ ಇನ್ನೂ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲೆ ಕಾಣುವಂಥ ಬಿರುಕು ಗೆರೆಗಳು ಬೀಳುತ್ತವೆ. ಆ ಗೆರೆಗಳು ಮತ್ತೆ ಹೋಗುವುದಿಲ್ಲ.

ನಮ್ಮ ದೇಶದಲ್ಲಿ ಹುಳುಕಡ್ಡಿ ಇಷ್ಟು ಹಟಮಾರಿಯಾಗಲು ಇಂತಹ ಬೆರಕೆ ಮುಲಾಮುಗಳ ಪಾತ್ರ ದೊಡ್ಡದು. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ಅವು ಕೇಳಿದವರ ಕೈಗೆ ಸಿಗುತ್ತಲೇ ಇವೆ. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಕಂಡ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದು ಹೆಸರಿಟ್ಟರು. ಹುಳುಕಡ್ಡಿಗೆ ಮೊದಲ ಆಯ್ಕೆಯಾಗಿದ್ದ ಟರ್ಬಿನಫಿನ್ ಔಷಧಿಗೂ ಅದು ಅನೇಕ ಬಾರಿ ಬಗ್ಗುವುದಿಲ್ಲ. ಹಾಗಾಗಿ ಸ್ನೇಹಿತರಿಗೆ ವಾಸಿಯಾದ ಮಾತ್ರೆ ನಿಮಗೂ ಆಗುತ್ತದೆ ಎಂದು ನಂಬಬೇಡಿ.

ಟ್ಯೂಬನ್ನು ನಿಲ್ಲಿಸಿ. ಕೆಲವು ದಿನ ತುರಿಕೆ ಜೋರಾಗಬಹುದು, ಹೆದರಿ ಮತ್ತೆ ಅದನ್ನೇ ಕೈಗೆತ್ತಿಕೊಳ್ಳಬೇಡಿ. ನೀವು ಮತ್ತು ನಿಮ್ಮ ಹೆಂಡತಿ ಒಟ್ಟಿಗೇ ಚರ್ಮದ ವೈದ್ಯರನ್ನು ಕಾಣಿ. ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ಇನ್ನೊಬ್ಬರಿಂದ ಮರಳಿ ಬರುತ್ತದೆ. ಕಲೆಯ ಅಂಚಿನಿಂದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೆಚ್ಚು ಹೊತ್ತೂ ಬೇಡ, ಹೆಚ್ಚು ಹಣವೂ ಬೇಡ. ಮುಲಾಮು ಕೊಟ್ಟರೆ ಕಲೆಯ ಮೇಲಷ್ಟೇ ಅಲ್ಲ, ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ತುರಿಕೆ ನಿಂತಿತೆಂದು ಬಿಡದೆ, ಚರ್ಮ ಪೂರ್ತಿ ತಿಳಿಯಾದ ಮೇಲೂ ಎರಡು ವಾರ ಮುಂದುವರಿಸಬೇಕು. ರೋಗ ಮರುಕಳಿಸುವುದು ಬಹಳ ಮಟ್ಟಿಗೆ ಇಲ್ಲಿ ತಪ್ಪುವುದರಿಂದಲೇ.

ಇನ್ನು ಬಟ್ಟೆಯ ಮಾತು. ಕುಶಾಲನಗರದ ಕಡೆ ನಡುನಡುವೆ ಬಿಸಿಲು ಬಿದ್ದೀತು, ನಿಮ್ಮಲ್ಲಿ ವಾರಗಟ್ಟಲೆ ಬೀಳುವುದಿಲ್ಲ. ಎಲ್ಲ ಮನೆಗಳಲ್ಲೂ ಒಲೆಯ ಬಳಿ ಹಗ್ಗ ಕಟ್ಟಿರುತ್ತಾರೆ, ಜಾಗ ಮಾತ್ರ ಸಾಲುವುದಿಲ್ಲ. ಆ ಹಗ್ಗದ ಮೇಲೆ ಮೊದಲ ಹಕ್ಕು ಒಳಉಡುಪು, ಕಾಲುಚೀಲ ಮತ್ತು ಟವೆಲಿನದು. ಪ್ಯಾಂಟು, ಸೀರೆ, ಹೊದಿಕೆ ಆಮೇಲೆ. ಒಣಗಿದಂತೆ ಕಂಡರೂ ಹೊಲಿಗೆಯ ಅಂಚಿನಲ್ಲಿ ತೇವ ಉಳಿದಿರುತ್ತದೆ, ಅಲ್ಲಿ ಇಸ್ತ್ರಿ ಪೆಟ್ಟಿಗೆ ಒತ್ತಿ. ಟವೆಲ್ ಒಬ್ಬರಿಗೊಂದು ಇರಲಿ. ತೊಡೆಸಂದಿಗೆ ತೆಂಗಿನೆಣ್ಣೆ ಬೇಡ, ಅದು ತೇವವನ್ನು ಅಲ್ಲೇ ಹಿಡಿದಿಡುತ್ತದೆ. ನಿಂಬೆರಸ, ಬೆಳ್ಳುಳ್ಳಿ, ಸೀಮೆಎಣ್ಣೆ ಹಚ್ಚಿ ಸುಟ್ಟುಕೊಂಡು ಬರುವವರನ್ನು ಪ್ರತಿ ಮಳೆಗಾಲವೂ ನೋಡುತ್ತೇನೆ. ದಯವಿಟ್ಟು ಆ ಪ್ರಯೋಗಗಳನ್ನು ಮಾಡಬೇಡಿ.

ಸಿದ್ದಾಪುರದ ಬಳಿಯ ತೋಟದ ಕಾರ್ಮಿಕರ ಸಾಲುಮನೆಯಿಂದ (ಲೈನ್ ಮನೆ) ಒಬ್ಬ ತಾಯಿ: ನನ್ನ ಇಬ್ಬರು ಮಕ್ಕಳಿಗೂ ರಾತ್ರಿಯಾದರೆ ತುರಿಕೆ. ಬೆರಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ, ಹೊಟ್ಟೆಯಲ್ಲಿ ಸಣ್ಣ ಗುಳ್ಳೆಗಳಿವೆ. ನೀರು ಬದಲಾದ್ದರಿಂದ ಎಂದು ಪಕ್ಕದ ಮನೆಯವರು ಹೇಳುತ್ತಾರೆ.

ನೀರಲ್ಲ ತಾಯಿ, ನೀವು ಹೇಳಿದ ಲಕ್ಷಣಗಳೆಲ್ಲ ಕಜ್ಜಿಯವು. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು ಚರ್ಮದೊಳಗೆ ಬಿಲ ತೋಡಿ ಮೊಟ್ಟೆಯಿಡುತ್ತದೆ. ಮಳೆಗೆ ಎಲ್ಲರೂ ಒಳಗೇ ಇದ್ದು, ಚಳಿಗೆ ಒಂದೇ ಕಂಬಳಿಯಡಿ ಮಲಗಿದಾಗ ಮೈಯಿಂದ ಮೈಗೆ ದಾಟುತ್ತದೆ. ಇದಕ್ಕೂ ಮನೆಯ ಶುಚಿತ್ವಕ್ಕೂ ಸಂಬಂಧ ಕಲ್ಪಿಸಿ ನಾಚಿಕೊಳ್ಳಬೇಡಿ. ನಾಚಿಕೆಯಿಂದ ಮುಚ್ಚಿಡುವುದೇ ಇದು ಇಡೀ ಲೈನಿಗೆ ಹಬ್ಬಲು ದೊಡ್ಡ ಕಾರಣ.

ಸಾಮಾನ್ಯವಾಗಿ ಕೊಡುವುದು ಶೇಕಡಾ 5ರ ಪೆರ್ಮೆಥ್ರಿನ್ ಮುಲಾಮು. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಗುಳ್ಳೆ ಇಲ್ಲದ ಜಾಗಕ್ಕೂ, ಉಗುರಿನ ಅಡಿಗೂ, ಹೊಕ್ಕಳಿಗೂ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಿಸಬೇಕು. ಒಂದು ವಾರ ಬಿಟ್ಟು ಇನ್ನೊಮ್ಮೆ. ಹಸುಗೂಸು ಅಥವಾ ಗರ್ಭಿಣಿ ಮನೆಯಲ್ಲಿದ್ದರೆ ಮೊದಲು ವೈದ್ಯರನ್ನು ಕೇಳಿ. ಮುಖ್ಯವಾದ ಸಂಗತಿ, ಮನೆಯಲ್ಲಿರುವ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಮೊದಲ ಬಾರಿ ಹುಳು ಹೊಕ್ಕವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಆದ್ದರಿಂದ "ನನಗೇನೂ ಇಲ್ಲ" ಎನ್ನುವ ಅಪ್ಪನ ಮೈಮೇಲೂ ಹುಳು ಇರಬಹುದು.

ಕಂಬಳಿ, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಎಂದು ಪುಸ್ತಕ ಹೇಳುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಂಬಳಿ ಒಣಗಿಸುವುದು ಎಲ್ಲಿ? ಅದಕ್ಕೆ ಸುಲಭ ದಾರಿಯಿದೆ. ಒಗೆಯಲಾಗದ್ದನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಒಂದು ವಾರ ಮೂಲೆಯಲ್ಲಿಡಿ. ಮನುಷ್ಯರ ಮೈ ಸಿಗದೆ ಹುಳು ಸಾಯುತ್ತದೆ. ಚಿಕಿತ್ಸೆಯ ನಂತರವೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಆಗ ದಿನವೂ ಮುಲಾಮು ಹಚ್ಚಬೇಡಿ, ವೈದ್ಯರು ತುರಿಕೆಯ ಮಾತ್ರೆ ಕೊಡುತ್ತಾರೆ.

ಭಾಗಮಂಡಲದಿಂದ ಒಬ್ಬ ರೈತರು: ನಾಟಿ ಶುರುವಾದ ಮೇಲೆ ಕಾಲ್ಬೆರಳ ಸಂದು ಬೆಳ್ಳಗೆ ನೆಂದು ಬಿರಿದಿದೆ, ಉರಿಯುತ್ತದೆ. ಗಮ್ ಬೂಟು ಬಿಚ್ಚಿದರೆ ಕೆಟ್ಟ ವಾಸನೆ. ಸಕ್ಕರೆ ಕಾಯಿಲೆಯೂ ಇದೆ.

ಸಂದಿನದು ಕೆಸರುಹುಣ್ಣು. ಹೆಚ್ಚಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಶುರುವಾಗುತ್ತದೆ. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿದ್ದರೆ ವಾಸನೆಗೆ ಕಾರಣ ಬ್ಯಾಕ್ಟೀರಿಯಾ, ಅದಕ್ಕೆ ಬೇರೆ ಮುಲಾಮು.

ಗದ್ದೆಯಿಂದ ಬಂದೊಡನೆ ಸೋಪು ಹಾಕಿ ಕಾಲು ತೊಳೆದು, ಒಂದೊಂದು ಸಂದನ್ನೂ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಶಿಲೀಂಧ್ರದ ಮುಲಾಮಾದ ಕ್ಲೊಟ್ರಿಮಜೋಲ್ ಹಚ್ಚಿ, ಮಲಗುವಾಗ ಬೆರಳುಗಳ ನಡುವೆ ತೆಳು ಬಟ್ಟೆಯ ಪಟ್ಟಿ ಇಟ್ಟು ಗಾಳಿಯಾಡಲು ಬಿಡಿ. ಬೂಟು ಎರಡು ಜೊತೆ ಇರಲಿ, ಒಂದನ್ನು ತೊಟ್ಟ ದಿನ ಇನ್ನೊಂದರೊಳಗೆ ಪತ್ರಿಕೆಯ ಹಾಳೆ ತುರುಕಿ ಒಲೆಯಿಂದ ಸ್ವಲ್ಪ ದೂರದಲ್ಲಿಡಿ. ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲುಚೀಲ ಬದಲಾಯಿಸಿ.

ಸಕ್ಕರೆ ಕಾಯಿಲೆ ಇರುವ ನಿಮಗೆ ಎರಡು ಎಚ್ಚರಿಕೆ. ಪಾದ ಅಥವಾ ಮೊಣಕಾಲಿನ ಕೆಳಭಾಗ ಕೆಂಪಾಗಿ, ಬಿಸಿಯಾಗಿ ಊದಿದರೆ ಆ ಬಿರುಕಿನಿಂದ ಸೋಂಕು ಒಳಗಿಳಿದಿದೆ ಎಂದು ಅರ್ಥ, ಅಂದೇ ಆಸ್ಪತ್ರೆಗೆ ಹೋಗಿ. ಎರಡನೆಯದು ಇಲಿ ಜ್ವರ. ಇಲಿಯ ಮೂತ್ರ ಸೇರಿದ ಗದ್ದೆಯ ನೀರಿನಿಂದ ರೋಗಾಣು ಬಿರಿದ ಚರ್ಮದ ಮೂಲಕ ಹೊಗುತ್ತದೆ. ಜ್ವರ, ಮೀನಖಂಡದ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಕಾಯಬೇಡಿ. ಗದ್ದೆಯಲ್ಲಿ ಕೆಲಸ ಮಾಡುತ್ತೇನೆ ಎಂಬುದನ್ನು ವೈದ್ಯರಿಗೆ ನೀವೇ ಹೇಳಿ.

ಸೋಮವಾರಪೇಟೆಯಿಂದ: ನಮ್ಮ ಅತ್ತೆಗೆ 72 ವರ್ಷ. ಮೈಮೇಲೆ ಗುಳ್ಳೆ, ಕಲೆ ಏನೂ ಇಲ್ಲ, ಆದರೂ ಕಾಲು, ಬೆನ್ನು ತುರಿಸಿಕೊಳ್ಳುತ್ತಾರೆ. ಸ್ನಾನವಾದ ಮೇಲೆ ಹೆಚ್ಚು.

ಹೊರಗೆ ಮಳೆ ಸುರಿಯುವಾಗ ಚರ್ಮ ಒಣಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಹಿರಿಯರು ದಿನವಿಡೀ ಬೆಂಕಿಯ ಮುಂದೆ ಕುಳಿತಿರುತ್ತಾರೆ, ಹಂಡೆಯಲ್ಲಿ ಕುದಿಯುವ ನೀರನ್ನು ಮೈ ಸುಡುವಷ್ಟು ಬಿಸಿಯಾಗಿ ಹೊಯ್ದುಕೊಳ್ಳುತ್ತಾರೆ, ಸೋಪು ಗಟ್ಟಿಯಾಗಿ ಉಜ್ಜುತ್ತಾರೆ. ವಯಸ್ಸಾದ ಚರ್ಮದಲ್ಲಿ ಜಿಡ್ಡು ಮೊದಲೇ ಕಡಿಮೆ, ಇರುವುದೂ ಕೊಚ್ಚಿಹೋಗುತ್ತದೆ. ನೀರು ಉಗುರುಬೆಚ್ಚಗಿರಲಿ, ಸೋಪು ಕಂಕುಳು ಮತ್ತು ತೊಡೆಸಂದಿಗಷ್ಟೇ ಸಾಕು. ಮೈ ಒರೆಸಿದ ಕೂಡಲೇ, ಇನ್ನೂ ಸ್ವಲ್ಪ ಪಸೆ ಇರುವಾಗ ಕೈಕಾಲಿಗೆ ತೆಂಗಿನೆಣ್ಣೆ ಅಥವಾ ವ್ಯಾಸಲಿನ್ ಹಚ್ಚಿ. ಉಣ್ಣೆಯ ಸ್ವೆಟರಿನ ಒಳಗೆ ಹತ್ತಿಯ ಬಟ್ಟೆ ಇರಲಿ. ಇಷ್ಟು ಮಾಡಿಯೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಗುಳ್ಳೆಯಿಲ್ಲದ ತುರಿಕೆ ಕೆಲವೊಮ್ಮೆ ಒಳಗಿನ ಕಾಯಿಲೆಯದು.

ಪೊನ್ನಂಪೇಟೆಯಿಂದ: ಜಿಗಣೆ ಕಚ್ಚಿದ ಜಾಗ ವಾರವಾದರೂ ತುರಿಸುತ್ತದೆ, ವಿಷವೇ?

ವಿಷವಲ್ಲ, ಜಿಗಣೆಯ ಜೊಲ್ಲಿಗೆ ಚರ್ಮ ತೋರುವ ಪ್ರತಿಕ್ರಿಯೆ. ಎಳೆದು ಕೀಳದೆ, ಕಚ್ಚಿದ ಬಾಯಿಯ ಅಡಿಗೆ ಉಗುರು ಸರಿಸಿ ಬಿಡಿಸಿ. ಸೋಪಿನಲ್ಲಿ ತೊಳೆದು, ರಕ್ತ ನಿಲ್ಲುವವರೆಗೆ ಬಟ್ಟೆಯಿಂದ ಒತ್ತಿಹಿಡಿಯಿರಿ. ತಣ್ಣೀರ ಪಟ್ಟಿ ಮತ್ತು ಕ್ಯಾಲಮೈನ್ ಸಾಕು. ಕೆರೆದು ಕೀವಾದರೆ ಮಾತ್ರ ವೈದ್ಯರ ಬಳಿ ಹೋಗಬೇಕು.

ವಿರಾಜಪೇಟೆಯಿಂದ ಒಬ್ಬ ಅಜ್ಜಿ: ಕಕ್ಕಡ (ಆಟಿ) ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ತಿಂದರೆ ವರ್ಷವಿಡೀ ಚರ್ಮರೋಗ ಬಾರದು ಎಂದು ನಮ್ಮ ಹಿರಿಯರ ನಂಬಿಕೆ. ಮೊಮ್ಮಗನಿಗೆ ಮೈಮೇಲೆ ಕಜ್ಜಿಯಾಗಿ ಕೀವು ತುಂಬಿದೆ. ಸೊಪ್ಪು ಕೊಟ್ಟರೆ ಸಾಕೇ?

ಪಾಯಸವನ್ನೂ ಪುಟ್ಟನ್ನೂ ಸಂತೋಷದಿಂದ ಕೊಡಿ ಅಜ್ಜಿ, ಕೊಡಗಿನ ಮಕ್ಕಳು ಆ ನೇರಳೆ ಬಣ್ಣವನ್ನೂ ಪರಿಮಳವನ್ನೂ ಅರಿತೇ ಬೆಳೆಯಬೇಕು. ಆದರೆ ಕೀವು ತುಂಬಿದ ಕಜ್ಜಿಗೆ ಅದು ಚಿಕಿತ್ಸೆಯಾಗಲಾರದು. ಮಗುವಿಗೆ ಕಜ್ಜಿಯ ಮುಲಾಮಿನ ಜೊತೆ ಕೀವಿಗೆ ಆಂಟಿಬಯೋಟಿಕ್ ಬೇಕಾಗುತ್ತದೆ. ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಗೆ ಈ ವಾರವೇ ಕರೆದುಕೊಂಡು ಹೋಗಿ.

ಒಂದು ಸಂಗತಿಯನ್ನು ಮನೆಯವರೆಲ್ಲ ತಿಳಿದಿರಬೇಕು. ಮದ್ದುಸೊಪ್ಪು ತಿಂದವರ ಮೂತ್ರ ಕೆಂಪಗಾಗುವುದು ನಿಮಗೆಲ್ಲ ಗೊತ್ತು, ಅದರಿಂದ ಅಪಾಯವಿಲ್ಲ. ಆದರೆ ಕೀವುಗಜ್ಜಿಯಾದ ಕೆಲವು ಮಕ್ಕಳಲ್ಲಿ ಸುಮಾರು ಮೂರರಿಂದ ಆರು ವಾರಗಳ ನಂತರ ಮೂತ್ರಪಿಂಡ ಊದಿಕೊಂಡು ಮೂತ್ರ ಕೆಂಪಾಗಿ ಅಥವಾ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಕಾಣುತ್ತದೆ, ಮೂತ್ರದ ಪ್ರಮಾಣ ಕಡಿಮೆಯಾಗುತ್ತದೆ. ಕಕ್ಕಡದಲ್ಲಿ ಇದನ್ನು ಸೊಪ್ಪಿನ ಬಣ್ಣವೆಂದು ತಿಳಿದು ಸುಮ್ಮನಾಗುವುದು ಸುಲಭ. ಸೊಪ್ಪಿನ ಬಣ್ಣ ಒಂದೆರಡು ದಿನಗಳಲ್ಲಿ ಹೋಗಬೇಕು. ಆಮೇಲೂ ಉಳಿದರೆ, ಅಥವಾ ಮುಖ ಊದಿದ್ದರೆ, ಅದೇ ದಿನ ಮಗುವಿನ ಮೂತ್ರಪರೀಕ್ಷೆ ಮಾಡಿಸಿ, ರಕ್ತದೊತ್ತಡವನ್ನೂ ನೋಡಿಸಿ.