ಪುರಾತನ ರಿವಾಲ್ವರನ್ನು ದುರಸ್ತಿ ಮಾಡಿ ಗುಂಡು ಹಾರಿಸಬಹುದೇ?

ಪರವಾನಗಿಯ ಮಾತು ಬಗೆಹರಿದಿದ್ದರೆ ಹಾರಿಸಬಹುದು. ಆದರೆ ಅದು ಯಾವ ಮದ್ದಿಗಾಗಿ ತಯಾರಾದದ್ದು ಎಂಬುದನ್ನು ಮೊದಲು ತಿಳಿಯಿರಿ. 19ನೆಯ ಶತಮಾನದ ಬಹುತೇಕ ರಿವಾಲ್ವರ್‌ಗಳು ಕರಿಮದ್ದಿನವು, ಅಂದರೆ ದಟ್ಟ ಹೊಗೆಯುಗುಳುವ ಹಳೆಯ ಸಿಡಿಮದ್ದಿಗೆ ತಯಾರಾದವು. ಕೋಲ್ಟ್ ಕಂಪನಿಯ 1873ರ ಪ್ರಸಿದ್ಧ ಮಾದರಿಗೂ ನಂತರ ಬಂದ, ಹೆಚ್ಚು ಬಲದ ಹೊಗೆರಹಿತ ಮದ್ದಿಗೆ ತಡೆಯುತ್ತದೆ ಎಂಬ ಖಾತರಿ ಸಿಕ್ಕಿದ್ದು 1900ರ ಸುಮಾರಿಗೆ. ಆ ಮದ್ದಿನ ಒತ್ತಡಕ್ಕೆ ಹಳೆಯ ಸಿಲಿಂಡರ್ (ತೋಟಾಗಳನ್ನು ಹಿಡಿದು ತಿರುಗುವ ಭಾಗ) ಸೀಳಿಹೋಗಬಹುದು. ತೋಟಾ ಅಳತೆಗೆ ಸರಿಯಾಗಿ ಕುಳಿತಿತು ಎಂಬುದು ಸುರಕ್ಷತೆಗೆ ಪುರಾವೆಯಲ್ಲ. ಸಿಲಿಂಡರಿನಲ್ಲಿ ತೋಟಾ ಕೂರುವ ಪ್ರತಿ ಕೋಣೆಯೂ ನಳಿಗೆಯ ನೇರಕ್ಕೆ ಬಂದು ಅಲುಗಾಡದೆ ನಿಲ್ಲುತ್ತದೆಯೇ, ಎಲ್ಲಾದರೂ ಬಿರುಕಿದೆಯೇ ಎಂಬುದನ್ನು ಪರಿಣತ ಬಂದೂಕು ತಂತ್ರಜ್ಞರೇ ಪರೀಕ್ಷಿಸಲಿ.

ತುಕ್ಕಿಗೆ ಎಣ್ಣೆ ಮತ್ತು ತಾಳ್ಮೆ ಸಾಕು. ದಯವಿಟ್ಟು ಉಜ್ಜುಕಾಗದ, ಹೊಸ ಲೇಪನ ಬೇಡ: ಮುದ್ರೆಗಳು ಅಳಿಸಿದರೆ ಅದರ ಇತಿಹಾಸವೂ ಬೆಲೆಯೂ ಹೋದಂತೆ. ಕರಿಮದ್ದಿನ ಮಸಿ ತೇವ ಹೀರಿ ಉಕ್ಕನ್ನು ತಿನ್ನುತ್ತದೆ; ಹಾರಿಸಿದ ದಿನವೇ ಬಿಸಿ ಸಾಬೂನು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಸವರಿ.