ಅಪ್ಪನಿಗೆ ಮೊಬೈಲ್ ಹುಚ್ಚಂತೆ

ಉಡುಪಿ ಆಸುಪಾಸಿನ ದಂಪತಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಗಂಡ ಬ್ಯಾಂಕಿನಿಂದ ನಿವೃತ್ತರಾದವರು. ಆಪ್ತಸಮಾಲೋಚಕಿಯಾದ ನನ್ನ ಬಳಿ ಅವರನ್ನು ಕರೆತಂದದ್ದು ಪತ್ನಿ, ಕರೆದುಕೊಂಡು ಹೋಗೆಂದು ಒತ್ತಾಯಿಸಿದ್ದು ಬೆಂಗಳೂರಿನಲ್ಲಿರುವ ಮಗ. ‘ಅಪ್ಪನಿಗೆ ಅಡಿಕ್ಷನ್’ ಎಂದು ಅವನು ಫೋನಿನಲ್ಲೇ ತೀರ್ಪು ಕೊಟ್ಟಾಗಿತ್ತು.

“ರಾತ್ರಿ ಎರಡು ಗಂಟೆಯಾದ್ರೂ ಮಲಗುದಿಲ್ಲ ಮೇಡಂ. ಕಿವಿಯಲ್ಲಿ ಇಯರ್‌ಫೋನ್. ಯಾರೋ ಹೆಂಗಸು ಹಾಡುದು, ಭಾಷೆ ಯಾವುದೂಂತ ಗೊತ್ತಿಲ್ಲ,” ಎಂದರು ಆಕೆ.

ಅವರೊಬ್ಬರನ್ನೇ ಕೂರಿಸಿ ಮಾತಾಡಿಸಿದೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ್ದವು, ಮಳೆ ಹಿಡಿದಿತ್ತು. ಆಟವಿಲ್ಲದ ರಾತ್ರಿ ಹೊತ್ತು ಹೋಗದೆ ಯೂಟ್ಯೂಬಿನಲ್ಲಿ ಯಕ್ಷಗಾನದ ಹಾಡುಗಾರ, ಅಂದರೆ ಭಾಗವತ, ಕಾಳಿಂಗ ನಾವಡರ ಪದ್ಯ ಹುಡುಕಿದರಂತೆ. ಅದು ಮುಗಿದದ್ದೇ ತನ್ನಷ್ಟಕ್ಕೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಶುರುವಾಯಿತು. ಅಲ್ಲಿಂದ ಅಮೆರಿಕದ ಜಾಝ್. ಎಲ್ಲೆಲ್ಲೋ ಸುತ್ತಿ ಕೊನೆಗೆ ಸೆಸಾರಿಯಾ ಎವೋರಾ: ಆಫ್ರಿಕದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಕೇಪ್ ವರ್ಡ್ ದ್ವೀಪಗಳ ಗಾಯಕಿ, ಬರಿಗಾಲಲ್ಲಿ ವೇದಿಕೆಯೇರುತ್ತಿದ್ದವರು, 2011ರಲ್ಲಿ ತೀರಿಕೊಂಡರು. ಊರು ಬಿಟ್ಟು ಹೋದವರ ಹಂಬಲ ಅಲ್ಲಿಯ ಮೋರ್ನಾ ಹಾಡುಗಳ ಜೀವಾಳ. ಮುಂಬಯಿ, ಗಲ್ಫ್ ಎಂದು ಮನೆಗೊಬ್ಬರು ಹೊರಗಿರುವ ನಮ್ಮ ಕರಾವಳಿಯವರಿಗೆ ಅದು ತಟ್ಟಿದರೆ ಆಶ್ಚರ್ಯವೇನು?

ರೋಗದ ಹಣೆಪಟ್ಟಿ ಹಚ್ಚಲು ನಾನು ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಚಟಕ್ಕೆ ಜಾಗವಿದೆ, ಹಾಡು ಕೇಳುವುದಕ್ಕಿಲ್ಲ. ಮಗನಿಗೂ ಇದನ್ನೇ ಹೇಳಿದೆ. ಅಷ್ಟಕ್ಕೂ ನಾಗಸ್ವರದ ಮನೆತನದ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಕಿವಿಗೆ ಬಿದ್ದದ್ದರ ಬೆನ್ನು ಹತ್ತುವುದು ಹುಚ್ಚಾದರೆ ಒಳ್ಳೆಯ ಹುಚ್ಚೇ.

ನಿದ್ದೆಗೆಟ್ಟದ್ದು ಮಾತ್ರ ನಿಜ. ಬಿ.ಪಿ. ಮಾತ್ರೆ ನುಂಗುವವರಿಗೆ ಅದು ಸಣ್ಣ ಸಂಗತಿಯಲ್ಲ.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಆಕೆಯ ಬಾಯಿಂದ ಬೇರೆಯೇ ದೂರು ಬಂತು. “ಮೊದಲು ಆಟಕ್ಕೆ ಇಬ್ರೂ ಹೋಗ್ತಿದ್ದೆವು. ಬೆಳಿಗ್ಗೆ ಬರುವಾಗ ದಾರಿಯುದ್ದ ಅದೇ ಮಾತು, ಇವರಿಗೆ ಭಾಗವತರು ಹಿಡಿಸಿದ್ರೆ ನಾನು ಸ್ತ್ರೀವೇಷದ ತಪ್ಪು ಹೇಳ್ತಿದ್ದೆ. ಈಗ ಇವರೊಬ್ರೇ ನಗುದು, ಒಬ್ರೇ ಕಣ್ಣು ಒರಸುದು. ನಾನು ಪಕ್ಕದಲ್ಲಿ ಯಾರು?”

ಅವರು ತಲೆ ತಗ್ಗಿಸಿದರು. “ನಿನಗೆ ಬೋರ್ ಆಗ್ತದೇಂತ ಕೇಳ್ಲಿಲ್ಲ ಮಾರಾಯ್ತಿ.”

ಸಲಹೆ ಹೆಚ್ಚೇನೂ ಕೊಡಲಿಲ್ಲ. ಆಟೋಪ್ಲೇ ಬಂದ್ ಮಾಡಿಸಿದೆ, ಅಲ್ಲೇ ಅವರ ಕೈಯಿಂದಲೇ. ಮುಂದಿನ ಹಾಡನ್ನು ಬೆರಳು ಒತ್ತಿ ಆರಿಸಬೇಕಾದರೆ ಇನ್ನು ಸಾಕೋ ಎಂದು ಯೋಚಿಸಲು ಎಡೆ ಸಿಗುತ್ತದೆ. ಹತ್ತೂವರೆಗೆ ಫೋನ್ ಚಾವಡಿಯಲ್ಲಿ ಚಾರ್ಜಿಗೆ, ಮಲಗುವ ಕೋಣೆಗೆ ಬೇಡ. ರಾತ್ರಿ ಹೊಳೆದ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟರಾಯಿತು. ಹಗಲಲ್ಲಿ ಎಷ್ಟು ಅಲೆದರೂ ನನ್ನ ತಕರಾರಿಲ್ಲ, ವಾಲ್ಯೂಮ್ ಮಾತ್ರ ಅರವತ್ತು ಶೇಕಡಾ ದಾಟದಿರಲಿ. ಊಟವಾದ ಮೇಲೆ ಅರ್ಧ ಗಂಟೆ ಸ್ಪೀಕರಿನಲ್ಲಿ, ಇಬ್ಬರೂ: ಒಂದು ದಿನ ಅವರು ಹುಡುಕಿದ್ದು, ಮರುದಿನ ಆಕೆ ಕೇಳಿದ್ದು. ಇಷ್ಟವಾಗದಿದ್ದರೆ ಬಾಯಿಬಿಟ್ಟು ಬೈಯಬಹುದು ಎಂದು ಆಕೆಗೆ ಪ್ರತ್ಯೇಕವಾಗಿ ಹೇಳಿದೆ. ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕೆಂದೂ ಸೂಚಿಸಿದ್ದೆ.

ಮುಂದಿನ ಭೇಟಿಗೆ ಬಂದಾಗ ಅವರು ಹನ್ನೊಂದಕ್ಕೆ ಮಲಗುತ್ತಿದ್ದರು. ಆಕೆಗೆ ಜಾಝ್ ಒಗ್ಗಲಿಲ್ಲ, “ತಾಳ ತಪ್ಪಿದ ಹಾಗೆ ಕೇಳ್ತದೆ” ಎಂಬ ದೂರು. ಎವೋರಾ ಪರವಾಗಿಲ್ಲವಂತೆ. ಅವರಿಬ್ಬರೂ ನನ್ನೆದುರೇ ಅದರ ಬಗ್ಗೆ ವಾದಕ್ಕಿಳಿದರು, ನಾನು ಮುಂದಿನ ತಾರೀಕು ಕೊಡಲಿಲ್ಲ.